ತಪ್ಪನ್ನು ಸದ್ದಿಲ್ಲದೆ ಒಪ್ಪಿಕೊಳ್ಳುವ ಭಾಷೆಗಳು

ಪ್ರಶ್ನೆ: ನಾನು ಬಿ.ಸಿ.ಎ. ಮುಗಿಸಿ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಪೈಥಾನ್‌ನಲ್ಲಿ ಬರೆದ ಒಂದು ಫಂಕ್ಷನ್‌ಗೆ ಖಾಲಿ ಲಿಸ್ಟನ್ನು ಡಿಫಾಲ್ಟ್ ಆಗಿ ಕೊಟ್ಟಿದ್ದೆ. ಕೆಲವು ದಿನಗಳಲ್ಲಿ ಒಬ್ಬ ಗ್ರಾಹಕರ ಸಾಮಾನು ಇನ್ನೊಬ್ಬರ ಬಿಲ್ಲಿನಲ್ಲಿ ಕಾಣಿಸತೊಡಗಿತು. ‘ಡಾಕ್ಯುಮೆಂಟೇಶನ್‌ನಲ್ಲೇ ಇದೆಯಲ್ಲ, ಓದಿಲ್ಲವೇ?’ ಎಂದು ನಮ್ಮ ಸೀನಿಯರ್ ಬೈದರು. ತಪ್ಪು ನನ್ನದೇ, ಭಾಷೆಯದೇ? ಬುದ್ಧಿವಂತರು ಕಟ್ಟಿದ ಭಾಷೆಗಳಲ್ಲಿ ಇಂಥವು ಹೇಗೆ ಸೇರಿಕೊಳ್ಳುತ್ತವೆ, ಗೊತ್ತಾದ ಮೇಲೂ ಏಕೆ ತೆಗೆಯುವುದಿಲ್ಲ? ಹೊಸ ಭಾಷೆಗೆ ಹೋದರೆ ಪಾರಾಗಬಹುದೇ? ಇಂಟರ್‌ವ್ಯೂಗಳಲ್ಲಿ ಇಂಥವನ್ನೇ ಕೇಳುತ್ತಾರೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕೇ?
— ಒಬ್ಬ ಓದುಗ, ಕೆಂಗೇರಿ

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸುಳ್ಳಲ್ಲ. ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್‌ನಲ್ಲಿ, ಫಂಕ್ಷನ್ ಬರೆಯುವುದನ್ನು ಕಲಿಸುವ ಅಧ್ಯಾಯದಲ್ಲೇ, ಡಿಫಾಲ್ಟ್ ಬೆಲೆಯನ್ನು (ಕರೆಯುವವರು ಏನನ್ನೂ ಕೊಡದಿದ್ದಾಗ ಬಳಸುವ ವ್ಯಾಲ್ಯೂ) ಒಂದೇ ಒಂದು ಸಲ ಲೆಕ್ಕ ಹಾಕಲಾಗುತ್ತದೆ ಎಂಬ ಎಚ್ಚರಿಕೆ ಇದೆ. ಆದರೆ ಹೊಸಬರಿಗೆಂದೇ ಬರೆದ ಪಾಠದ ನಡುವೆ ಅಂಥ ಎಚ್ಚರಿಕೆಯನ್ನು ಹಾಕಬೇಕಾಗಿ ಬಂತೆಂದರೆ, ಸಹಜವಾಗಿ ಯೋಚಿಸುವ ಮನುಷ್ಯ ಅಲ್ಲಿ ಎಡವುತ್ತಾನೆಂದು ಭಾಷೆಯನ್ನು ಕಟ್ಟಿದವರಿಗೂ ಗೊತ್ತಿದೆ ಎಂದೇ ಅರ್ಥ. ಆದ್ದರಿಂದ ಓದದೆ ಇದ್ದದ್ದು ನಿಮ್ಮ ಪಾಲು, ಎಡವುವಂತೆ ಕಟ್ಟಿದ್ದು ಭಾಷೆಯ ಪಾಲು. ಎರಡರಲ್ಲಿ ಎರಡನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಮುಂದೆ ಹೋಗುವ ಮುನ್ನ ಕಿರಿಕಿರಿಗೂ ದೋಷಕ್ಕೂ ಇರುವ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ, ಏಕೆಂದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದರಿಂದಲೇ ಭಾಷೆಗಳ ಕುರಿತ ಜಗಳಗಳು ಮುಗಿಯುವುದಿಲ್ಲ. ಪೈಥಾನ್‌ನಲ್ಲಿ ಸಾಲಿನ ಮೊದಲ ಜಾಗ ತಪ್ಪಿದರೆ ಪ್ರೋಗ್ರಾಮ್ ಓಡುವುದಿಲ್ಲ, ಜಾವಾದಲ್ಲಿ ಸಣ್ಣ ಕೆಲಸಕ್ಕೂ ಹತ್ತು ಸಾಲು ಬರೆಯಬೇಕು, ಸಿ ಭಾಷೆಯಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ, ಬರೆದದ್ದನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ರಂಪ ಮಾಡುತ್ತದೆ. ಇವೆಲ್ಲ ಕಿರಿಕಿರಿಗಳು; ತಪ್ಪು ಎಲ್ಲಾಯಿತೋ ಅಲ್ಲೇ, ಆದ ಕ್ಷಣದಲ್ಲೇ ಭಾಷೆ ಬಾಯಿ ಬಿಟ್ಟು ಹೇಳುತ್ತದೆ, ನಾವು ಗೊಣಗಿಕೊಂಡು ತಿದ್ದಿಕೊಳ್ಳುತ್ತೇವೆ. ದೋಷವೆಂದು ನಾನು ಕರೆಯುವುದು ಬೇರೆಯದನ್ನು: ತಿಳಿವಳಿಕೆಯುಳ್ಳವನೊಬ್ಬ ಸಹಜವೆಂದು ಬರೆದದ್ದನ್ನು ಭಾಷೆ ಚಕಾರವೆತ್ತದೆ ಒಪ್ಪಿಕೊಂಡು, ಅವನು ಅಂದುಕೊಂಡದ್ದಕ್ಕಿಂತ ಬೇರೆಯದೇ ಅರ್ಥವನ್ನು ಅದಕ್ಕೆ ಕೊಟ್ಟು, ಅದರ ಫಲವನ್ನು ಬಹಳ ಹೊತ್ತಿನ ಮೇಲೆ ಬಹಳ ದೂರದ ಇನ್ನೊಂದು ಜಾಗದಲ್ಲಿ ತೋರಿಸಿದರೆ ಅದು ದೋಷ. ತಪ್ಪು ನಡೆದ ಜಾಗಕ್ಕೂ ಅದು ಕಾಣಿಸಿಕೊಂಡ ಜಾಗಕ್ಕೂ ಇರುವ ದೂರವೇ ಇಲ್ಲಿ ಅಳತೆಗೋಲು.

ನಿಮ್ಮ ಫಂಕ್ಷನ್ನನ್ನೇ ನೋಡಿ. ‘ಸೇರಿಸು(ವಸ್ತು, ಪಟ್ಟಿ=[])’ ಎಂದು ಬರೆದವರಿಗೆಲ್ಲ ಇರುವ ಊಹೆ ಒಂದೇ: ಕರೆಯುವವರು ಪಟ್ಟಿಯನ್ನು ಕೊಡದಿದ್ದರೆ ಪ್ರತಿ ಸಲವೂ ಹೊಸ ಖಾಲಿ ಪಟ್ಟಿ ಸಿಗುತ್ತದೆ. ಪೈಥಾನ್ ಮಾಡುವುದು ಬೇರೆ. ಫಂಕ್ಷನ್ನನ್ನು ಘೋಷಿಸುವ ಡೆಫ್ ಸಾಲನ್ನು ಓಡಿಸುವಾಗಲೇ ಅದು ಆ ಖಾಲಿ ಪಟ್ಟಿಯನ್ನು ಒಮ್ಮೆ ಸೃಷ್ಟಿಸಿ, ಫಂಕ್ಷನ್ ಜೊತೆಗೇ ಕಟ್ಟಿ ಇಟ್ಟುಬಿಡುತ್ತದೆ; ಆಮೇಲೆ ಎಷ್ಟು ಸಲ ಕರೆದರೂ ಸಿಗುವುದು ಅದೇ ಪಟ್ಟಿ, ಹಿಂದಿನವರು ಅದರಲ್ಲಿ ಹಾಕಿದ್ದೆಲ್ಲವೂ ಸೇರಿ. ಟೆಸ್ಟ್ ಮಾಡುವಾಗ ಸಾಮಾನ್ಯವಾಗಿ ಒಂದೇ ಸಲ ಕರೆಯುತ್ತೇವಾದ್ದರಿಂದ ಉತ್ತರ ಸರಿಯಾಗಿಯೇ ಬರುತ್ತದೆ. ಸರ್ವರ್‌ನಲ್ಲಿ ಪ್ರೋಗ್ರಾಮ್ ದಿನಗಟ್ಟಲೆ ಓಡುತ್ತಲೇ ಇರುವಾಗ ಪಟ್ಟಿ ಬೆಳೆಯುತ್ತದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಖಾಲಿಯಾಗುತ್ತದೆ. ಅದೇ ಪ್ರೋಗ್ರಾಮನ್ನು ಒಟ್ಟಿಗೆ ಓಡಿಸುವ ಒಂದಕ್ಕಿಂತ ಹೆಚ್ಚು ವರ್ಕರ್ ಪ್ರೊಸೆಸ್‌ಗಳಿದ್ದರೆ ಪ್ರತಿಯೊಂದರಲ್ಲೂ ಬೇರೆ ಬೇರೆ ಪಟ್ಟಿ ಬೆಳೆಯುವುದರಿಂದ ತಪ್ಪು ಬಿಲ್ಲು ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಸರಿಪಡಿಸುವ ದಾರಿ ನಿಮಗೆ ಈಗಾಗಲೇ ಗೊತ್ತಿರಬೇಕು: ಡಿಫಾಲ್ಟ್ ಆಗಿ ‘ನನ್’ ಕೊಟ್ಟು, ಅದು ‘ನನ್’ ಆಗಿದ್ದರೆ ಫಂಕ್ಷನ್ ಒಳಗೆ ಹೊಸ ಪಟ್ಟಿಯನ್ನು ಸೃಷ್ಟಿಸುವುದು. ಅದಕ್ಕಿಂತ ಮುಖ್ಯವಾಗಿ, ಪ್ರತಿ ರೀಸ್ಟಾರ್ಟ್ ನಂತರದ ಮೊದಲ ಬಿಲ್ಲನ್ನು ಬಿಟ್ಟು ಉಳಿದ ಬಿಲ್ಲುಗಳನ್ನೆಲ್ಲ ಒಮ್ಮೆ ಪರಿಶೀಲಿಸಿ. ಕಣ್ಣಿಗೆ ಬಿದ್ದವಷ್ಟೇ ತಪ್ಪು ಬಿಲ್ಲುಗಳು ಎಂದು ನಂಬಬೇಡಿ.

ಈ ನಿರ್ಧಾರದ ಹಿಂದೆ ತರ್ಕವೇ ಇಲ್ಲವೆಂದಲ್ಲ. ಡೆಫ್ ಎಂಬುದು ಪೈಥಾನ್‌ನಲ್ಲಿ ಉಳಿದ ಸಾಲುಗಳಂತೆಯೇ ಓಡುವ ಒಂದು ಸಾಲು. ಅದು ಓಡುವಾಗ ಅದರಲ್ಲಿರುವುದನ್ನೆಲ್ಲ ಲೆಕ್ಕ ಹಾಕುವುದು ಸರಳ, ವೇಗವೂ ಹೌದು. ಸಂಖ್ಯೆ ಅಥವಾ ಅಕ್ಷರಗಳ ಸಾಲಾದ ಸ್ಟ್ರಿಂಗ್‌ನಂಥ ಬದಲಾಗದ ಬೆಲೆಗಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ರೂಬಿ ಭಾಷೆಯೂ 2015ರ ನಂತರದ ಜಾವಾಸ್ಕ್ರಿಪ್ಟೂ ಡಿಫಾಲ್ಟನ್ನು ಪ್ರತಿ ಕರೆಯಲ್ಲೂ ಹೊಸದಾಗಿ ಲೆಕ್ಕ ಹಾಕುತ್ತವೆ, ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ. ಪೈಥಾನ್‌ಗೂ ಅಂಥದ್ದೊಂದು ಹೆಚ್ಚುವರಿ ಸೌಲಭ್ಯ ಬೇಕೆಂಬ ಪ್ರಸ್ತಾಪವನ್ನು 2021ರಲ್ಲಿ ಮುಂದಿಡಲಾಯಿತು. ಅದರ ಮೇಲೆ ಬಹಳ ಚರ್ಚೆಯಾಯಿತೇ ಹೊರತು ಒಮ್ಮತ ಮೂಡಲಿಲ್ಲ.

ಇಂಥವು ಎಲ್ಲ ಭಾಷೆಗಳಲ್ಲೂ ಇವೆಯೇ ಎಂದು ನೀವು ಕೇಳಬಹುದು. ಇವೆ, ಮತ್ತು ಕೆಲವು ಒಂದು ಭಾಷೆಯಿಂದ ಇನ್ನೊಂದಕ್ಕೆ ಪಿತ್ರಾರ್ಜಿತವಾಗಿ ಬರುತ್ತವೆ. ನನಗೆ ಬಹಳ ಬೇಸರ ತರಿಸುವ ಉದಾಹರಣೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಊರಿನ ಎಸ್‌ಟಿಡಿ ಕೋಡ್ 080. ಅದನ್ನು ಸಿ ಭಾಷೆಯಲ್ಲಿ ಸಂಖ್ಯೆಯಾಗಿ ಬರೆದರೆ ಕಂಪೈಲರ್ ಒಪ್ಪುವುದಿಲ್ಲ: ಆಕ್ಟಲ್ ಸಂಖ್ಯೆಯಲ್ಲಿ 8 ಎಂಬ ಅಂಕಿ ಇರುವಂತಿಲ್ಲ ಎನ್ನುತ್ತದೆ. ಸೊನ್ನೆಯಿಂದ ಶುರುವಾದ ಸಂಖ್ಯೆ ಎಂಟರ ಆಧಾರದ ಸಂಖ್ಯೆ, ಅಂದರೆ ಆಕ್ಟಲ್, ಎಂಬ ನಿಯಮ ಅಲ್ಲಿದೆ. ಇಲ್ಲಿಯವರೆಗೆ ಇದು ಬರೀ ಕಿರಿಕಿರಿ. ಚೆನ್ನೈನವರು 044 ಎಂದು ಬರೆದರೆ ಮಾತ್ರ ದೋಷವಾಗುತ್ತದೆ: ಯಾವ ತಕರಾರೂ ಇಲ್ಲದೆ ಅದು 36 ಆಗುತ್ತದೆ. ದೆಹಲಿಯ 011 ಎಂಬುದು 9 ಆಗುತ್ತದೆ, ಮುಂಬೈನ 022 ಎಂಬುದು 18. ಜಾವಾಸ್ಕ್ರಿಪ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಹಳೆಯ, ಸಡಿಲ ರೀತಿಯಲ್ಲಿ ಸಂಖ್ಯೆಯಲ್ಲಿ 8 ಅಥವಾ 9 ಇದ್ದರೆ ‘ಇದು ಆಕ್ಟಲ್ ಇರಲಾರದು’ ಎಂದು ತಾನೇ ತೀರ್ಮಾನಿಸಿ ಹತ್ತರ ಆಧಾರಕ್ಕೆ ಹೊರಳುತ್ತದೆ. ಹಾಗಾಗಿ ಬೆಂಗಳೂರು 80 ಆಗಿ, ಮೈಸೂರಿನ 0821 ಎಂಬುದು 821 ಆಗಿ ಬಚಾವಾಗುತ್ತವೆ, ಚೆನ್ನೈ ಮಾತ್ರ 36 ಆಗುತ್ತದೆ. ಸ್ಟ್ರಿಕ್ಟ್ ರೀತಿಯಲ್ಲಿ ಎರಡನ್ನೂ ತಿರಸ್ಕರಿಸುತ್ತಾರೆ, ಅದೇ ಸರಿ. ಬೆಂಗಳೂರಿನಲ್ಲಿ ಕುಳಿತು ನಮ್ಮ ಊರಿನ ಕೋಡ್ ಹಾಕಿ ಪರೀಕ್ಷಿಸಿದವರಿಗೆ ಈ ತಪ್ಪು ಎಂದೆಂದಿಗೂ ಕಾಣುವುದಿಲ್ಲ. (ದೂರವಾಣಿ ಕೋಡನ್ನು ಸಂಖ್ಯೆಯಾಗಿ ಇಡಲೇಬಾರದು, ಸ್ಟ್ರಿಂಗ್ ಆಗಿಯೇ ಇಡಬೇಕು ಎಂಬುದು ಬೇರೆ ಮಾತು, ಅದು ನಿಜವೂ ಹೌದು.)

ಈ ನಿಯಮ ಎಲ್ಲಿಂದ ಬಂತೆಂದರೆ, ಸಿ ಭಾಷೆಗೆ ಮೂಲವಾದ ಬಿ ಭಾಷೆಯಿಂದ. ಆ ಕಾಲದ ಪಿಡಿಪಿ ಯಂತ್ರಗಳ ಕೆಲಸದಲ್ಲಿ ಎಂಟರ ಆಧಾರದ ಬರವಣಿಗೆ ದಿನನಿತ್ಯದ್ದಾಗಿತ್ತು, ಆದ್ದರಿಂದ ಅದಕ್ಕೆ ಅತಿ ಚಿಕ್ಕ ಗುರುತು ಸಾಕೆನಿಸಿತು. 1978ರ ಸಿ ಭಾಷೆಯ ವಿವರಣೆಯಲ್ಲಂತೂ 8 ಮತ್ತು 9 ಅಂಕಿಗಳೂ ಆಕ್ಟಲ್ ಸಂಖ್ಯೆಯೊಳಗೆ ಬರಬಹುದೆಂದು ಬಿಟ್ಟಿದ್ದರು. ಆ ಲೆಕ್ಕದಲ್ಲಿ 080 ಎಂದರೆ 64. ಯಂತ್ರಗಳು ಹೋದವು, ನಿಯಮ ಉಳಿಯಿತು. ಸಿ ಯಿಂದ ಜಾವಾಗೆ, ಜಾವಾಸ್ಕ್ರಿಪ್ಟ್‌ಗೆ, ಪಿಎಚ್‌ಪಿಗೆ ನಡೆದು ಬಂತು. 2009ರ ಪರಿಷ್ಕರಣೆಗಿಂತ ಮುಂಚಿನ ಜಾವಾಸ್ಕ್ರಿಪ್ಟ್‌ನಲ್ಲಿ, ಫಾರಂನಲ್ಲಿ ತುಂಬಿದ ತಿಂಗಳನ್ನು ಸಂಖ್ಯೆಗೆ ತಿರುಗಿಸುವ ‘ಪಾರ್ಸ್‌ಇಂಟ್’ ಕೂಡ ಇದೇ ನಿಯಮವನ್ನು ಅನುಸರಿಸುತ್ತಿತ್ತು: "07" ಕೊಟ್ಟರೆ 7 ಬರುತ್ತಿತ್ತು, "08" ಮತ್ತು "09" ಕೊಟ್ಟರೆ ಸೊನ್ನೆ. ಅಂದರೆ ಜುಲೈವರೆಗೆ ಸರಿಯಾಗಿ ನಡೆದ ಪ್ರೋಗ್ರಾಮ್ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಕೆಡುತ್ತಿತ್ತು, ಅಕ್ಟೋಬರ್ ಬಂದೊಡನೆ ತಾನಾಗಿಯೇ ಗುಣವಾಗುತ್ತಿತ್ತು. ಪೈಥಾನ್ 3 ಮಾತ್ರ ಧೈರ್ಯ ಮಾಡಿ ಸೊನ್ನೆಯಿಂದ ಶುರುವಾಗುವ ಇಂಥ ಸಂಖ್ಯೆಯನ್ನೇ ನಿಷೇಧಿಸಿತು. ಆಕ್ಟಲ್ ಬೇಕಿದ್ದರೆ ಸೊನ್ನೆಯ ನಂತರ ‘ಓ’ ಅಕ್ಷರ ಹಾಕಿ ಕೇಳಿ ಎಂದಿತು.

ಇನ್ನು ಎಲ್ಲಕ್ಕಿಂತ ಹೆಸರುವಾಸಿಯಾದ ‘ನಲ್’. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಯ ಕೆಲಸ ನಡೆದಾಗ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರು ‘ಯಾವುದನ್ನೂ ತೋರಿಸದ ರೆಫರೆನ್ಸ್’ ಎಂಬುದನ್ನು ಅದಕ್ಕೆ ಸೇರಿಸಿದರು. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್‌ಗಳ ತಪ್ಪೆಂದು ಕರೆದುಕೊಂಡರು; ಸೇರಿಸುವುದು ತೀರಾ ಸುಲಭವಾಗಿತ್ತೆಂಬ ಒಂದೇ ಕಾರಣಕ್ಕೆ ಆ ಆಸೆಯನ್ನು ತಡೆಯಲಾಗಲಿಲ್ಲ ಎಂದರು. ಇಲ್ಲಿ ದೋಷ ಇರುವುದು ‘ಏನೂ ಇಲ್ಲ’ ಎಂದು ಹೇಳುವ ಅವಕಾಶದಲ್ಲಲ್ಲ, ಅಂಥ ಅವಕಾಶ ಬೇಕೇ ಬೇಕು. ಜಾವಾದಲ್ಲಿ ಗ್ರಾಹಕ ಎಂಬ ಮಾದರಿಯ (ಟೈಪ್‌ನ) ವೇರಿಯಬಲ್ ಇದ್ದರೆ ಅದರಲ್ಲಿ ಗ್ರಾಹಕ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಟೈಪ್ ಒಂದೇ ಎಂದು ಸಾರುವುದರಿಂದ ಕಂಪೈಲರ್‌ಗೆ ಕೇಳಲು ಏನೂ ಉಳಿಯುವುದಿಲ್ಲ. ನಲ್ ಹುಟ್ಟಿದ್ದು ಡೇಟಾಬೇಸ್ ಓದುವ ಕಡೆ, ಪ್ರೋಗ್ರಾಮ್ ಸಾಯುವುದು ಬಿಲ್ಲು ಮುದ್ರಿಸುವ ಕಡೆ. ಸ್ವಿಫ್ಟ್ 2014ರಲ್ಲಿ, ಕಾಟ್ಲಿನ್‌ನ ಮೊದಲ ಸ್ಥಿರ ಆವೃತ್ತಿ 2016ರಲ್ಲಿ ಬಂದಾಗ, ಇಲ್ಲದಿರಬಹುದಾದ ಬೆಲೆಗೆ ಟೈಪ್‌ನಲ್ಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದವು; ಪರೀಕ್ಷಿಸದೆ ಬಳಸಿದರೆ ಕಂಪೈಲರ್ ಮುಂದೆ ಬಿಡುವುದಿಲ್ಲ. ಸಿ ಶಾರ್ಪ್ 2019ರ ತನ್ನ 8ನೇ ಆವೃತ್ತಿಯಲ್ಲಿ ಇದನ್ನೇ ಬೇಕಾದವರು ಬಳಸಿಕೊಳ್ಳಲೆಂದು, ಎಚ್ಚರಿಕೆಗಳ ರೂಪದಲ್ಲಿ ತಂದಿತು. ಹಳೆಯ ಕೋಡ್ ಬೆಟ್ಟದಷ್ಟಿದ್ದಾಗ ಅದಕ್ಕಿಂತ ಹೆಚ್ಚು ಮಾಡುವುದು ಕಷ್ಟ.

ಎಸ್‌ಕ್ಯೂಎಲ್‌ನ ನಲ್ ಇನ್ನೊಂದು ಬಗೆ; ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಅದು. ಶುಲ್ಕ ಕಟ್ಟಿದವರ ಪಟ್ಟಿಯಲ್ಲಿ ಇಲ್ಲದ ವಿದ್ಯಾರ್ಥಿಗಳನ್ನು ‘ನಾಟ್ ಇನ್’ ಬಳಸಿ ಕೇಳಿದಾಗ, ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಪೂರ್ತಿ ಖಾಲಿಯಾಗಿ ಬರುತ್ತದೆ; ಎಲ್ಲರೂ ಶುಲ್ಕ ಕಟ್ಟಿದ್ದಾರೆಂದು ಲೆಕ್ಕಪತ್ರದವರು ಸಂತೋಷಪಡುತ್ತಾರೆ. ‘ನಾಟ್ ಎಕ್ಸಿಸ್ಟ್ಸ್’ ಬಳಸಿ.

ಬುದ್ಧಿವಂತರ ಕೈಯಲ್ಲಿ ಇಂಥವು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಗೆ ಸಿ ಭಾಷೆಯ ಚರಿತ್ರೆಯಲ್ಲಿ ಒಳ್ಳೆಯ ಉತ್ತರವಿದೆ. ಒಂದು ಸಂಖ್ಯೆಯ ಕೆಲವು ಬಿಟ್‌ಗಳು ಸೊನ್ನೆಯೇ ಎಂದು ನೋಡಲು ‘ಇಫ್ (ಅ & ಆ == 0)’ ಎಂದು ಬರೆದರೆ, ಸಿ ಮೊದಲು ‘ಆ == 0’ ಎಂಬುದನ್ನು ಲೆಕ್ಕ ಹಾಕಿ, ಅದರ ಫಲಿತವನ್ನು & ಗೆ ಕೊಡುತ್ತದೆ. ಯಾರಿಗೂ ಬೇಡವಾದ ಅರ್ಥ ಇದು. ಬಿ ಭಾಷೆಯಲ್ಲಿಯೂ ಮೊದಮೊದಲಿನ ಸಿ ಯಲ್ಲಿಯೂ ‘ಮತ್ತು’ ಎಂಬ ತಾರ್ಕಿಕ ಕೆಲಸಕ್ಕೂ ಬಿಟ್‌ಗಳ ಕೆಲಸಕ್ಕೂ & ಒಂದೇ ಇತ್ತು; ತಾರ್ಕಿಕ ಕೆಲಸಕ್ಕೆ && ಬಂದದ್ದು ಆಮೇಲೆ. ಆಗ & ನ ಆದ್ಯತೆಯನ್ನು ಮೇಲಕ್ಕೆ ಏರಿಸಬಹುದಿತ್ತು, ಆದರೆ ಅಷ್ಟರಲ್ಲಿ ಬರೆದಾಗಿದ್ದ ಕೋಡ್ ಕೆಡುತ್ತದೆಂದು ಬಿಟ್ಟರು ಎಂದು ಸಿ ಯನ್ನು ಕಟ್ಟಿದ ಡೆನ್ನಿಸ್ ರಿಚಿ ಅವರೇ ಮುಂದೆ ವಿವರಿಸಿದ್ದಾರೆ. ಆಗ ಸಿ ಬಳಸುತ್ತಿದ್ದವರು ಬೆರಳೆಣಿಕೆಯಷ್ಟು ಜಾಗಗಳಲ್ಲಿದ್ದರು. ಆ ಬೆರಳೆಣಿಕೆಯವರ ಅನುಕೂಲಕ್ಕೆ ಉಳಿಸಿದ್ದು ಇಂದು ಸಿ++, ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಎಲ್ಲದರಲ್ಲೂ ಇದೆ. ಇದೇ ಸಾಲನ್ನು ಜಾವಾ ಟೈಪ್ ಹೊಂದುವುದಿಲ್ಲವೆಂದು ತಳ್ಳಿಹಾಕುತ್ತದೆ, ಜಾವಾಸ್ಕ್ರಿಪ್ಟ್ ಸದ್ದಿಲ್ಲದೆ ಓಡಿಸುತ್ತದೆ. ಪಿತ್ರಾರ್ಜಿತ ಒಂದೇ, ಒಂದು ಕಡೆ ಕಿರಿಕಿರಿ, ಇನ್ನೊಂದು ಕಡೆ ದೋಷ.

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಬರೆದ, ಪ್ರೋಗ್ರಾಮ್‌ಗಳನ್ನು ಕಟ್ಟಿಕೊಡುವ ‘ಮೇಕ್’ ಉಪಕರಣದ ಕಥೆಯೂ ಹೀಗೆಯೇ: ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಕಣ್ಣಿಗೆ ಅದೇ ಥರ ಕಾಣುವ ಖಾಲಿ ಜಾಗಗಳು ನಡೆಯುವುದಿಲ್ಲ. ಬದಲಿಸೋಣವೆಂದು ಅವರಿಗೆ ಅನಿಸುವ ಹೊತ್ತಿಗೆ ಸುಮಾರು ಹನ್ನೆರಡು ಮಂದಿ ಬಳಕೆದಾರರಾಗಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಸುಮ್ಮನಾದರು.

ಒಂದು ಬೆಲೆಗೆ ತಕ್ಕಂತೆ ಹಲವು ದಾರಿಗಳಲ್ಲಿ (ಕೇಸ್) ಒಂದನ್ನು ಆರಿಸುವ ಸಿ ಯ ಸ್ವಿಚ್ ಬಗ್ಗೆ ನೀವು ಕಾಲೇಜಿನಲ್ಲೇ ಓದಿರುತ್ತೀರಿ. ಪ್ರತಿ ಕೇಸ್ ಕೊನೆಯಲ್ಲಿ ಬ್ರೇಕ್ ಹಾಕದಿದ್ದರೆ ಓಟ ಮುಂದಿನ ಕೇಸ್‌ಗೆ ಜಾರುತ್ತದೆ. ಅಪರೂಪಕ್ಕೆ ಬೇಕಾಗುವುದು ತಾನಾಗಿಯೇ ಆಗುತ್ತದೆ, ಯಾವಾಗಲೂ ಬೇಕಾಗುವುದನ್ನು ನೆನಪಿಟ್ಟು ಬರೆಯಬೇಕು. ಅದೇ ಬ್ರೇಕ್ ಎಂಬ ಮಾತು ಲೂಪ್‌ನಿಂದ ಹೊರಬರಲೂ ಬಳಕೆಯಾಗುತ್ತದೆ, ಇಫ್‌ನಿಂದ ಹೊರಬರಲು ಮಾತ್ರ ಆಗುವುದಿಲ್ಲ. 1990ರ ಜನವರಿ 15ರಂದು ಅಮೆರಿಕದ ಎಟಿ ಆಂಡ್ ಟಿ ಸಂಸ್ಥೆಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕುಸಿದದ್ದಕ್ಕೆ ಮೂಲ ಇದೇ. ಸ್ವಿಚ್ ಒಳಗಿನ ಇಫ್ ಒಂದರಲ್ಲಿದ್ದ ಬ್ರೇಕ್, ಬರೆದವರು ಅಂದುಕೊಂಡಂತೆ ಇಫ್ ಮುಗಿಸುವ ಬದಲು ಇಡೀ ಸ್ವಿಚ್‌ನಿಂದಲೇ ಹೊರಬಿದ್ದಿತು. ಒಂದು ಎಕ್ಸ್‌ಚೇಂಜ್ ತಾನು ಚೇತರಿಸಿಕೊಂಡೆನೆಂದು ಕಳಿಸಿದ ಸಂದೇಶವೇ ಪಕ್ಕದ ಎಕ್ಸ್‌ಚೇಂಜನ್ನು ಕೆಡವುತ್ತಾ ಹೋಗಿ, ಒಂದೇ ತಂತ್ರಾಂಶ ಓಡುತ್ತಿದ್ದ 114 ಯಂತ್ರಗಳಿಗೂ ರೋಗ ಹಬ್ಬಿತು. ಗೋ ಮತ್ತು ಸ್ವಿಫ್ಟ್ ಭಾಷೆಗಳು ಈ ಪಾಠ ಕಲಿತು ಜಾರುವಿಕೆಯನ್ನು ಕೇಳಿ ಪಡೆಯಬೇಕಾದ ಸೌಲಭ್ಯವಾಗಿ ಮಾಡಿವೆ. ಜಾವಾ 2020ರಲ್ಲಿ ಬಾಣದ ಗುರುತಿನ ಹೊಸ ಸ್ವಿಚ್ ತಂದು, ಹಳೆಯದನ್ನೂ ಹಾಗೆಯೇ ಇಟ್ಟುಕೊಂಡಿದೆ.

ಈ ಹೊಸತು–ಹಳೆಯದು ಒಟ್ಟಿಗೆ ಬಾಳುವ ಸ್ಥಿತಿಯೇ ‘ಏಕೆ ತೆಗೆಯುವುದಿಲ್ಲ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ. ಬಸವನಗುಡಿ, ಮಲ್ಲೇಶ್ವರಗಳ ಮನೆಗಳ ಗೇಟಿನಲ್ಲಿ ‘ಹಳೇ ನಂ.’, ‘ಹೊಸ ನಂ.’ ಎಂದು ಎರಡನ್ನೂ ಬರೆದಿರುತ್ತಾರಲ್ಲ, ಹಾಗೆ: ಹೊಸ ಸಂಖ್ಯೆ ಎಷ್ಟೇ ಸರಿಯಾಗಿದ್ದರೂ ಹಳೆಯ ವಿಳಾಸಕ್ಕೆ ಬರುವ ಪತ್ರ ನಿಲ್ಲುವುದಿಲ್ಲ. ಜಾವಾಸ್ಕ್ರಿಪ್ಟ್‌ಗೆ ಈ ಬಂಧನ ಎಲ್ಲಕ್ಕಿಂತ ಬಿಗಿ, ಏಕೆಂದರೆ ಅದು ಓಡುವುದು ಓದುಗರ ಬ್ರೌಸರ್‌ನಲ್ಲಿ; ಯಾವುದೋ ಪುಟವನ್ನು ಬರೆದವರು ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷಗಳಾದ ಮೇಲೂ ಆ ಪುಟ ನಡೆಯಬೇಕು. 1995ರ ಮೇ ತಿಂಗಳಲ್ಲಿ ಬ್ರೌಸರ್ ಸಂಸ್ಥೆ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಅವರು ಹತ್ತು ದಿನಗಳಲ್ಲಿ ಅದರ ಮೊದಲ ಮಾದರಿಯನ್ನು ಕಟ್ಟಿದರು. ಪ್ರತಿ ಬೆಲೆಯ ಜೊತೆ ಅದರ ಜಾತಿಯನ್ನು ಹೇಳುವ ಕೆಲವು ಬಿಟ್‌ಗಳಿರುತ್ತಿದ್ದವು, ಆಬ್ಜೆಕ್ಟ್‌ಗೆ ಆ ಗುರುತು ಸೊನ್ನೆ. ನಲ್ ಎಂಬುದು ಎಲ್ಲ ಬಿಟ್‌ಗಳೂ ಸೊನ್ನೆಯಾಗಿದ್ದ ಪಾಯಿಂಟರ್. ಹಾಗಾಗಿ ನಲ್‌ನ ಜಾತಿ ಯಾವುದೆಂದು ಕೇಳಿದರೆ ‘ಆಬ್ಜೆಕ್ಟ್’ ಎಂಬ ಉತ್ತರ ಬರುತ್ತದೆ, ಇಂದಿಗೂ. ತಿದ್ದುವ ಪ್ರಸ್ತಾಪ ಬಂದಿತ್ತು. ಇರುವ ಜಾಲತಾಣಗಳು ಕೆಡುತ್ತವೆಂದು ತಿರಸ್ಕೃತವಾಯಿತು.

ಅದೇ ಭಾಷೆಯ ಎರಡು ಸಮಚಿಹ್ನೆಗಳ ಹೋಲಿಕೆಯ ಬಗ್ಗೆ ಸಾಕಷ್ಟು ನಗೆಚಾಟಿಕೆಗಳಿವೆ. ಖಾಲಿ ಸ್ಟ್ರಿಂಗ್ ಸೊನ್ನೆಗೆ ಸಮ, "0" ಎಂಬ ಸ್ಟ್ರಿಂಗೂ ಸೊನ್ನೆಗೆ ಸಮ, ಆದರೆ ಅವೆರಡೂ ಪರಸ್ಪರ ಸಮವಲ್ಲ. ಮೂರು ಸಮಚಿಹ್ನೆ ಬಳಸಿದರೆ ಈ ರಗಳೆ ಇಲ್ಲ. ಅದಕ್ಕಿಂತ ಅಪಾಯಕಾರಿಯೆಂದು ನನಗೆ ಕಾಣುವುದು ‘ಸಾರ್ಟ್’. ಮನೆ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು 9000, 15000, 12000 ಎಂಬ ಪಟ್ಟಿಯನ್ನು ಹಾಗೆಯೇ ಕೊಟ್ಟರೆ 12000, 15000, 9000 ಎಂದು ಬರುತ್ತದೆ, ಏಕೆಂದರೆ ಅದು ಸಂಖ್ಯೆಗಳನ್ನು ಸ್ಟ್ರಿಂಗ್‌ಗಳಾಗಿ ಮಾಡಿಕೊಂಡು ಅಕಾರಾದಿಯಲ್ಲಿ ಹೋಲಿಸುತ್ತದೆ. ಎಲ್ಲ ಬಾಡಿಗೆಗಳೂ ಐದಂಕಿಯಾಗಿರುವ ಬಡಾವಣೆಯಲ್ಲಿ ಇದು ಸರಿಯಾಗಿಯೇ ನಡೆಯುತ್ತದೆ ಎಂಬುದೇ ಭಯ ಹುಟ್ಟಿಸುವ ಅಂಶ.

ಕನ್ನಡ ಓದುಗರಾಗಿ ನಮಗೆ ಕಾಣುವ ಇನ್ನೊಂದು ಗುಂಪಿನ ದೋಷಗಳಿವೆ, ಭಾಷಾ ವಿನ್ಯಾಸದ ಚರ್ಚೆಗಳಲ್ಲಿ ಇವುಗಳ ಹೆಸರು ಬರುವುದು ಕಡಿಮೆ. ‘ಬೆಂಗಳೂರು’ ಎಂಬ ಸ್ಟ್ರಿಂಗ್‌ನ ಉದ್ದ ಎಷ್ಟೆಂದು ಕೇಳಿ. ಓದುವವರಿಗೆ ಅದರಲ್ಲಿ ನಾಲ್ಕು ಅಕ್ಷರಗಳಿವೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 8 ಎನ್ನುತ್ತವೆ, ಏಕೆಂದರೆ ಏತ್ವ, ಅನುಸ್ವಾರ, ಊಕಾರ, ಉಕಾರಗಳನ್ನು ಬೇರೆ ಬೇರೆಯಾಗಿ ಎಣಿಸುತ್ತವೆ. ಗೋ ಬೈಟ್‌ಗಳನ್ನು ಎಣಿಸಿ 24 ಎನ್ನುತ್ತದೆ. ಸ್ವಿಫ್ಟ್ 4 ಎನ್ನುತ್ತದೆ. ಇವುಗಳಲ್ಲಿ ಯಾವುದೂ ಲೆಕ್ಕದಲ್ಲಿ ತಪ್ಪಲ್ಲ, ಎಣಿಸುವ ವಸ್ತು ಬೇರೆಯಷ್ಟೇ. ಆದರೆ ಏಳಕ್ಕೆ ಕತ್ತರಿಸು ಎಂದರೆ ಜಾವಾಸ್ಕ್ರಿಪ್ಟ್ ಕೊನೆಯ ಕೊಂಬನ್ನು ಕಳಚಿ ‘ಬೆಂಗಳೂರ’ ಎಂದು ಕೊಡುತ್ತದೆ, ಗೋ ‘ಬೆ’ಯೂ ಅನುಸ್ವಾರದ ಒಂದು ಬೈಟೂ ಸೇರಿದ ಅರೆಬರೆ ತುಂಡನ್ನು ಕೊಡುತ್ತದೆ. ಇಬ್ಬರೂ ಏನೂ ಹೇಳುವುದಿಲ್ಲ. ರಸ್ಟ್ ಅದೇ ಜಾಗದಲ್ಲಿ ಪ್ರೋಗ್ರಾಮನ್ನೇ ನಿಲ್ಲಿಸಿ, ಅಕ್ಷರದ ನಡುವೆ ಕತ್ತರಿ ಹಾಕಿದ್ದೀರಿ ಎಂದು ದೂರುತ್ತದೆ. ಒರಟುತನವೇ ಸರಿ, ಆದರೂ ನನಗೆ ಈ ಒರಟುತನ ಇಷ್ಟ.

ಪೈಥಾನ್‌ನಲ್ಲಿ ಇದಕ್ಕಿಂತ ವಿಚಿತ್ರವಾದದ್ದಿದೆ. ಒಂದು ಸ್ಟ್ರಿಂಗ್‌ನಲ್ಲಿ ಬರೀ ಅಕ್ಷರಗಳಿವೆಯೇ ಎಂದು ನೋಡುವ ‘ಈಸ್ ಆಲ್ಫಾ’ ಎಂಬ ಮೆಥಡ್‌ಗೆ ‘ಬೆಂಗಳೂರು’ ಕೊಟ್ಟರೆ ಇಲ್ಲ ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ನಮ್ಮ ಸ್ವರಚಿಹ್ನೆಗಳು ‘ಅಕ್ಷರ’ ಎಂಬ ವರ್ಗದಲ್ಲಿಲ್ಲ, ‘ಗುರುತು’ ಎಂಬ ವರ್ಗದಲ್ಲಿವೆ. ಅದೇ ‘ಬೆಂಗಳೂರು’ ಎಂಬುದನ್ನು ವೇರಿಯಬಲ್‌ನ ಹೆಸರಾಗಿ ಇಡಬಹುದೇ ಎಂದು ಅದೇ ಪೈಥಾನನ್ನು ಕೇಳಿದರೆ ಧಾರಾಳವಾಗಿ ಇಡಿ ಎನ್ನುತ್ತದೆ. ಪದಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಪದದ ಅಕ್ಷರ’ ಎಂಬ ಗುರುತನ್ನು ಬಳಸಿದರೆ, ಮೂಲ ಮಾಡ್ಯೂಲ್ ನಮ್ಮ ಊರನ್ನು ‘ಬ’, ‘ಗಳ’, ‘ರ’ ಎಂದು ಮೂರು ತುಂಡು ಮಾಡುತ್ತದೆ. ನಿಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ಗ್ರಾಹಕರ ಹೆಸರನ್ನು ಹೀಗೆ ಪರೀಕ್ಷಿಸಿದ್ದರೆ ‘ಕಮಲ’ ಎಂಬುವರ ಹೆಸರು ಸ್ವೀಕೃತವಾಗುತ್ತದೆ, ‘ಗೀತಾ’ ಎಂಬುವರ ಹೆಸರು ತಿರಸ್ಕೃತವಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಟೆಸ್ಟ್ ಬರೆಯುವ ತಂಡಕ್ಕೆ ಇದು ತಿಳಿಯುವ ಬಗೆಯೇ ಇಲ್ಲ. ಓದುವವರು ಎಣಿಸುವಂತೆ ಅಕ್ಷರಗುಚ್ಛಗಳನ್ನು ಗುರುತಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಈಗ ‘ಇಂಟ್ಲ್ ಸೆಗ್ಮೆಂಟರ್’ ಇದೆ, ಪೈಥಾನ್‌ನಲ್ಲಿ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾದ ‘ರೆಜೆಕ್ಸ್’ ಮಾಡ್ಯೂಲ್ ಇದೆ. ಹೆಸರಿನ ಕಾಲಂಗೆ ಅಕ್ಷರ ಪರೀಕ್ಷೆಯನ್ನೇ ಹಾಕದಿರುವುದು ಇನ್ನೂ ಒಳ್ಳೆಯದು.

0.1 ಕ್ಕೆ 0.2 ಕೂಡಿದರೆ 0.3 ಬರುವುದಿಲ್ಲ ಎಂಬ ದೂರನ್ನು ಮಾತ್ರ ಯಾವ ಭಾಷೆಯ ಮೇಲೂ ಹೊರಿಸಬೇಡಿ. ಅದು ಎರಡರ ಆಧಾರದಲ್ಲಿ ಭಿನ್ನರಾಶಿಗಳನ್ನು ಇಡುವ ವಿಧಾನದಿಂದ ಬಂದದ್ದು, ಬಹುತೇಕ ಎಲ್ಲ ಯಂತ್ರಗಳೂ ಅನುಸರಿಸುವ 1985ರ ಐಇಇಇ 754 ಮಾನಕದಿಂದ ಬಂದದ್ದು. ಬಿಲ್ಲಿನಲ್ಲಿ ಹಣವನ್ನು ಪೈಸೆಗಳ ಪೂರ್ಣ ಸಂಖ್ಯೆಯಾಗಿ ಇಡಿ, ಇಲ್ಲವೇ ಡೆಸಿಮಲ್ ಬಳಸಿ.

ತೆಗೆಯುವುದು ಸಾಧ್ಯವೇ ಇಲ್ಲವೆಂದಲ್ಲ, ಬೆಲೆ ತೆರಬೇಕು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ; ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಸಂಸ್ಥೆಗಳು ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದವು. ಪಿಎಚ್‌ಪಿ 2020ರ ತನ್ನ 8ನೇ ಆವೃತ್ತಿಯಲ್ಲಿ ಸೊನ್ನೆಯೂ ‘ಕನ್ನಡ’ ಎಂಬ ಸ್ಟ್ರಿಂಗೂ ಸಮವೆಂಬ ಹಳೆಯ ಉತ್ತರವನ್ನು ಬದಲಿಸಿತು, ಬಹಳ ತಡವಾಗಿ. ಗೋ ಭಾಷೆಯ ರೀತಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಲೂಪ್‌ನ ವೇರಿಯಬಲ್ ಪ್ರತಿ ಸುತ್ತಿಗೂ ಒಂದೇ ಆಗಿದ್ದುದರಿಂದ, ಲೂಪ್ ಒಳಗೆ ಹುಟ್ಟಿಸಿದ ಫಂಕ್ಷನ್‌ಗಳೆಲ್ಲ ಕೊನೆಗೆ ಒಂದೇ ಬೆಲೆಯನ್ನು ನೋಡುತ್ತಿದ್ದವು. ನಿಮ್ಮ ಖಾಲಿ ಪಟ್ಟಿಗೆ ಇದು ಒಡಹುಟ್ಟಿದ ದೋಷ. 2024ರ ಫೆಬ್ರವರಿಯ 1.22 ಆವೃತ್ತಿಯಲ್ಲಿ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಎಂದು ಬದಲಿಸಿದರು, ಆದರೆ ತನ್ನ ಮಾಡ್ಯೂಲ್ ಕಡತದಲ್ಲಿ ಆ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ನಮೂದಿಸಿದ ಕೋಡ್‌ಗೆ ಮಾತ್ರ. ಹಳೆಯ ಕೋಡ್ ಹೊಸ ಕಂಪೈಲರ್‌ನಲ್ಲೂ ಹಳೆಯ ಅರ್ಥದಲ್ಲೇ ಓಡುತ್ತದೆ. ಸಿ ಶಾರ್ಪ್ ತನ್ನ ಫಾರ್‌ಈಚ್ ಲೂಪ್‌ನಲ್ಲಿ ಇದನ್ನೇ 2012ರಲ್ಲಿ ನೇರವಾಗಿ ಬದಲಿಸಿತ್ತು. ಹಳೆಯ ಅರ್ಥವನ್ನು ಬೇಕೆಂದೇ ಬಳಸುವವರು ತೀರಾ ವಿರಳವಾದ್ದರಿಂದ ಅದೂ ದಕ್ಕಿತು.

ಹೊಸ ಭಾಷೆಗೆ ಹೋದರೆ ಪಾರಾಗಬಹುದೇ ಎಂದರೆ, ಹಳೆಯ ದೋಷಗಳಿಂದ ಬಹುಮಟ್ಟಿಗೆ ಪಾರಾಗಬಹುದು. ಕಾಟ್ಲಿನ್, ಸ್ವಿಫ್ಟ್, ರಸ್ಟ್ ಮೌನವನ್ನು ಕಡಿಮೆ ಮಾಡಿ ಕಿರಿಕಿರಿಯನ್ನು ಹೆಚ್ಚಿಸಿವೆ. ರಸ್ಟ್ ಕಂಪೈಲರ್ ಜೊತೆ ಮೊದಲ ತಿಂಗಳುಗಳಲ್ಲಿ ಮಾಡುವ ವಾಗ್ವಾದ ಸಣ್ಣದೇನಲ್ಲ, ಕಂಪೈಲ್ ಆಗಲು ಕಾಯುವ ಹೊತ್ತೂ ಸಣ್ಣದಲ್ಲ. ಅಲ್ಲೂ ಪೂರ್ತಿ ಶುದ್ಧವೆಂದಿಲ್ಲ: ಪೂರ್ಣ ಸಂಖ್ಯೆ ತನ್ನ ಮಿತಿ ಮೀರಿದರೆ ಪರೀಕ್ಷೆಗೆಂದು ಕಟ್ಟಿದ ಡೀಬಗ್ ಆವೃತ್ತಿ ನಿಂತುಹೋಗುತ್ತದೆ, ಬಳಕೆದಾರರಿಗೆ ಕೊಡುವ ರಿಲೀಸ್ ಆವೃತ್ತಿ ಸಾಮಾನ್ಯವಾಗಿ ಸುಮ್ಮನೆ ಅತಿ ಚಿಕ್ಕ ಸಂಖ್ಯೆಗೆ ಸುತ್ತಿ ಬರುತ್ತದೆ. ನಿಮ್ಮ ಸಂಸ್ಥೆಯ ಕೋಡ್ ಪೈಥಾನ್‌ನಲ್ಲಿರುವಾಗ ಭಾಷೆಯನ್ನು ಬದಲಿಸುವ ಬದಲು ಲಿಂಟರ್ (ಕೋಡನ್ನು ಓಡಿಸದೆಯೇ ಓದಿ ತಪ್ಪು ಹುಡುಕುವ ಉಪಕರಣ) ಅಳವಡಿಸಿಕೊಳ್ಳಿ. ಬದಲಾಗಬಲ್ಲ ಡಿಫಾಲ್ಟನ್ನು ಪೈಲಿಂಟ್ ಎಂಬ ಲಿಂಟರ್ ತಾನಾಗಿಯೇ ಹಿಡಿದು ‘ಅಪಾಯಕಾರಿ’ ಎಂದೇ ಎಚ್ಚರಿಸುತ್ತದೆ. ಕೋಡ್ ಮುಖ್ಯ ಶಾಖೆಗೆ ಸೇರುವ ಮುನ್ನ ಅದು ಕಡ್ಡಾಯವಾಗಿ ಓಡುವಂತೆ ಮಾಡಿದರೆ, ಮುಂದೆ ಬರುವ ಹೊಸಬರು ಡಾಕ್ಯುಮೆಂಟೇಶನ್‌ನ ಆ ಸಾಲನ್ನು ಓದಿದ್ದಾರೋ ಇಲ್ಲವೋ ಎಂದು ನಿಮ್ಮ ಸೀನಿಯರ್ ವಿಚಾರಿಸಬೇಕಾಗಿಲ್ಲ. ಬೈದವರಿಗೆ ಈ ಸಲಹೆಯನ್ನು ನೀವೇ ಕೊಡಬಹುದು, ವಿನಯದಿಂದ ಕೊಡಿ.

ಇಂಟರ್‌ವ್ಯೂ ವಿಷಯಕ್ಕೆ ಬಂದರೆ, ನಮ್ಮ ಊರಿನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಜಾವಾದ್ದು: ಇಂಟಿಜರ್ ಮಾದರಿಯ ಎರಡು ವೇರಿಯಬಲ್‌ಗಳಿಗೂ 127 ಕೊಟ್ಟು == ನಿಂದ ಹೋಲಿಸಿದರೆ ಸಮ ಎನ್ನುತ್ತದೆ, 128 ಕೊಟ್ಟರೆ ಸಮವಲ್ಲ ಎನ್ನುತ್ತದೆ, ಏಕೆ? −128ರಿಂದ 127ರವರೆಗಿನ ಸಂಖ್ಯೆಗಳ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ, ಅದರಾಚೆಗೆ ಸಾಮಾನ್ಯವಾಗಿ ಹೊಸದನ್ನು ಸೃಷ್ಟಿಸುತ್ತದೆ; == ಇಲ್ಲಿ ಹೋಲಿಸುವುದು ಬೆಲೆಯನ್ನಲ್ಲ, ಆಬ್ಜೆಕ್ಟ್ ಒಂದೇ ಆಗಿದೆಯೇ ಎಂಬುದನ್ನು. ಇಂಥವನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕೆಲಸದ ಯೋಗ್ಯತೆಯನ್ನು ಇದರಿಂದ ಅಳೆಯುವುದು ನನಗೆ ಒಪ್ಪಿಗೆಯೂ ಇಲ್ಲ. ಕೇಳಿದರೆ ಕಾರಣವನ್ನು ಹೇಳಿ, ಆಬ್ಜೆಕ್ಟ್‌ಗಳನ್ನು ‘ಈಕ್ವಲ್ಸ್’ ಮೆಥಡ್‌ನಿಂದಲೇ ಹೋಲಿಸುತ್ತೇನೆ, == ಬಳಸಿದ್ದನ್ನು ಕೋಡ್ ಬರೆಯುವ ತಂತ್ರಾಂಶವಾದ ಐಡಿಇಯ ಪರಿಶೀಲನೆಯಲ್ಲೇ ಹಿಡಿಯುತ್ತೇನೆ ಎಂದು ಸೇರಿಸಿ. ಉತ್ತರ ಹೊಳೆಯದಿದ್ದರೆ, ಬೆಲೆಯ ಹೋಲಿಕೆಯೋ ಆಬ್ಜೆಕ್ಟ್‌ನ ಹೋಲಿಕೆಯೋ ಎಂದು ಅವರನ್ನೇ ತಿರುಗಿ ಕೇಳಿ. ಕೋಡ್ ಬರೆದು ಅನುಭವವಿರುವ ಸಂದರ್ಶಕರು ಆ ಪ್ರಶ್ನೆಗೂ ಅಂಕ ಕೊಡುತ್ತಾರೆ.